ಚೀಟಿ, ಚೀಲ, ಪರದೆ: ವಿನ್ಯಾಸದಲ್ಲಿ ಸರಳತೆ ಮತ್ತು ಪ್ರಾಮಾಣಿಕತೆ



ದತ್ತಿಯ ದಾಖಲೆಗಳಿಗೆ ನಮ್ಮ ಹಾವೇರಿ ಜಿಲ್ಲೆಯಲ್ಲಿ ಕೊರತೆಯಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರಕ್ಕೆ ಹೋದವರು ತುಂಗಭದ್ರೆಯ ದಂಡೆಯ ಮುಕ್ತೇಶ್ವರ ದೇವಾಲಯದ ಆವರಣದಲ್ಲಿ ಆಳೆತ್ತರ ಮೀರಿದ ಶಾಸನಗಲ್ಲುಗಳನ್ನು ನೋಡಿರುತ್ತಾರೆ. ನಮ್ಮ ನಾಡಿನ ದಾನಶಾಸನಗಳ ತಲೆಭಾಗದಲ್ಲಿ ಸಾಮಾನ್ಯವಾಗಿ ಲಿಂಗ, ಸೂರ್ಯ, ಚಂದ್ರ, ಕರುವಿಗೆ ಹಾಲೂಡಿಸುವ ಹಸು ಇರುತ್ತವೆ. ಅಕ್ಷರ ಬಾರದವನಿಗೂ ಇದು ದಾನದ ಕಲ್ಲು, ಸೂರ್ಯಚಂದ್ರರಿರುವ ತನಕ ನಡೆಯಬೇಕಾದ ದಾನ ಎಂದು ಅಷ್ಟರಿಂದಲೇ ತಿಳಿಯುತ್ತಿತ್ತು. ಅದರ ಕೆಳಗೆ ಅರಸನ ಹೊಗಳಿಕೆ ಉದ್ದಕ್ಕೆ ಬರುತ್ತದೆ. ಬಿರುದುಗಳಿಗೆ ಲೆಕ್ಕವಿಲ್ಲ. ಆದರೆ ಕೊಟ್ಟವರಾರು, ಪಡೆದವರಾರು, ಭೂಮಿ ಎಷ್ಟು, ಅದರ ಮೂಡಣ ಎಲ್ಲೆ ಯಾವುದು, ಪಡುವಣ ಎಲ್ಲೆ ಯಾವುದು ಎನ್ನುವ ಕಡೆಗೆ ಬಂದಾಗ ಕಲ್ಲಿನ ಮಾತು ಬಿಗಿಯಾಗುತ್ತದೆ. ಅಲ್ಲಿ ಅಲಂಕಾರ ನಿಲ್ಲುತ್ತದೆ, ಅಳತೆ ಶುರುವಾಗುತ್ತದೆ. ಕಲ್ಲು ಕಡೆದವನು ಹೊಗಳಿಕೆಗೂ ಜಾಗ ಕೊಟ್ಟ, ಆದರೆ ಅಳತೆಯನ್ನು ಹೊಗಳಿಕೆಯೊಳಗೆ ಮುಚ್ಚಿಡಲಿಲ್ಲ. ನಾನು ಇಂದು ಹೇಳಬೇಕೆಂದಿರುವುದರ ತಿರುಳು ಇದೇ. ಜಾಹೀರಾತು ಮಾಡಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಓದುವವನು ಯಾವುದನ್ನು ನೋಡಿ ದುಡ್ಡು ಕೊಡಬೇಕೋ, ಸಹಿ ಹಾಕಬೇಕೋ, ಹೊಲಕ್ಕೆ ಚೆಲ್ಲಬೇಕೋ ಅದನ್ನು ಅವನ ಕಣ್ಣಿಗೆ ಬೀಳುವ ಜಾಗದಲ್ಲಿ, ಅವನ ಭಾಷೆಯಲ್ಲಿ, ಅವನಿಗೆ ಕಾಣುವ ಗಾತ್ರದಲ್ಲಿ ಇಡಿ ಎನ್ನುತ್ತೇನೆ.

ವಿನ್ಯಾಸದ ಚರ್ಚೆ ಎಂದರೆ ದೊಡ್ಡ ಊರಿನ ದೊಡ್ಡ ಕಂಪನಿಗಳ ಲಾಂಛನ, ಮೊಬೈಲ್ ಆ್ಯಪ್‌ಗಳ ಚರ್ಚೆ ಎಂಬ ಭಾವನೆ ನಮ್ಮಲ್ಲಿದೆ. ಜರ್ಮನಿಯ ವಿನ್ಯಾಸಕ ಡೀಟರ್ ರಾಮ್ಸ್ ಒಳ್ಳೆಯ ವಿನ್ಯಾಸಕ್ಕೆ ಹತ್ತು ಲಕ್ಷಣಗಳನ್ನು ಪಟ್ಟಿ ಮಾಡಿದಾಗ ಪ್ರಾಮಾಣಿಕತೆಯನ್ನೂ ಅದರಲ್ಲಿ ಸೇರಿಸಿದರು. ಇರುವುದಕ್ಕಿಂತ ಹೆಚ್ಚು ಬೆಲೆಯದ್ದೆಂದು ವಸ್ತುವನ್ನು ತೋರಿಸಬಾರದು ಎಂಬುದು ಅದರ ಅರ್ಥ. ಅವರು ರೇಡಿಯೊ, ಕ್ಯಾಲ್ಕುಲೇಟರುಗಳ ಬಗ್ಗೆ ಯೋಚಿಸುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಆ ಮಾತಿನ ಪರೀಕ್ಷೆ ನಡೆಯುವುದು ಬೀಜದ ಪ್ಯಾಕೆಟ್ಟಿನ ಮೇಲೆ, ಕೀಟನಾಶಕದ ಡಬ್ಬಿಯ ಮೇಲೆ, ಖಾರದಪುಡಿಯ ಪೊಟ್ಟಣದ ಮೇಲೆ, ಎಪಿಎಂಸಿಯ ದರಪಟ್ಟಿಯ ಮೇಲೆ.

ಬೀಜದಿಂದಲೇ ಆರಂಭಿಸುತ್ತೇನೆ. ರಾಣೆಬೆನ್ನೂರು ಬೀಜದ ಊರು. ಸುತ್ತಲ ಹಳ್ಳಿಗಳಲ್ಲಿ ಟೊಮೆಟೊ, ಮೆಣಸಿನಕಾಯಿ, ಸೌತೆ, ಹತ್ತಿಯ ಸಂಕರಣ ಬೀಜ ತಯಾರಾಗುತ್ತದೆ. ಬೆಳಗಿನ ಹೊತ್ತು ಹೆಣ್ಣುಮಕ್ಕಳು ಒಂದೊಂದೇ ಹೂವನ್ನು ಕೈಯಲ್ಲಿ ಹಿಡಿದು ಕ್ರಾಸಿಂಗ್ ಮಾಡುತ್ತಾರೆ. ಆ ಬೀಜ ಕಂಪನಿಗೆ ಹೋಗಿ, ಸಂಸ್ಕರಣೆಯಾಗಿ, ಬಣ್ಣದ ಪ್ಯಾಕೆಟ್ಟಿನಲ್ಲಿ ದೇಶದ ಬೇರೆ ಬೇರೆ ಕಡೆ ಮಾರಾಟವಾಗುತ್ತದೆ.

1966ರ ಬೀಜ ಅಧಿನಿಯಮ ಮತ್ತು 1968ರ ನಿಯಮಗಳ ಬೆನ್ನಿಗೆ ನಮ್ಮ ದೇಶದಲ್ಲಿ ಬೀಜದ ಚೀಟಿಗೆ ಒಂದು ಬಣ್ಣದ ವ್ಯವಸ್ಥೆ ಬಂತು. ತಳಿವರ್ಧಕರ ಬೀಜಕ್ಕೆ ಬಂಗಾರದ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ತಿಳಿ ನೀಲಿ, ನಿಜಚೀಟಿ ಬೀಜಕ್ಕೆ ಹಸಿರು. ನೀಲಿ ಚೀಟಿ ಇದ್ದರೆ ಪ್ರಮಾಣನ ಸಂಸ್ಥೆಯವರು ಹೊಲ ನೋಡಿದ್ದಾರೆ, ಮಾದರಿ ಪರೀಕ್ಷೆಯಾಗಿದೆ ಎಂದರ್ಥ. ಹಸಿರು ಚೀಟಿ ಇದ್ದರೆ ಚೀಟಿಯಲ್ಲಿ ಬರೆದದ್ದಕ್ಕೆ ಮಾರುವವನೇ ಹೊಣೆ. ನಾಲ್ಕೇ ಬಣ್ಣ, ಒಂದೊಂದಕ್ಕೆ ಒಂದೇ ಅರ್ಥ. ಸರಳ ವಿನ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಸರಕಾರಿ ಕೆಲಸದಲ್ಲಿ ಕಡಿಮೆ.

ಈಗ ಅಂಗಡಿಯ ಕಪಾಟಿನಲ್ಲಿರುವ ಮೆಣಸಿನಕಾಯಿ ಬೀಜದ ಒಂದು ಪ್ಯಾಕೆಟ್ ಎತ್ತಿಕೊಳ್ಳಿ. ಹತ್ತು ಗ್ರಾಮಿನ ಚಿಕ್ಕ ಪ್ಯಾಕೆಟ್. ಮುಂಭಾಗದ ತುಂಬ ಹಣ್ಣಾದ ಗಿಡದ ಫೋಟೊ, ಕಂಪ್ಯೂಟರಿನಲ್ಲಿ ಕೆಂಪು ಹೆಚ್ಚಿಸಿದ್ದು, ಎಲೆಗಿಂತ ಕಾಯಿಯೇ ಹೆಚ್ಚು. ಮೇಲೆ ತಳಿಯ ಹೆಸರು, ಹೊಳೆಯುವ ಅಕ್ಷರ. ತಿರುಗಿಸಿ. ಲಾಟ್ ನಂಬರು, ಪರೀಕ್ಷೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ, ಮೊಳಕೆ ಪ್ರಮಾಣ, ಭೌತಿಕ ಶುದ್ಧತೆ, ತಳಿ ಶುದ್ಧತೆ, ಬೀಜೋಪಚಾರಕ್ಕೆ ಬಳಸಿದ ವಿಷದ ಹೆಸರು ಎಲ್ಲವೂ ಒಂದು ಬೆರಳಿನಗಲದ ಕೋಷ್ಟಕದಲ್ಲಿ, ಇಂಗ್ಲಿಷಿನಲ್ಲಿ, ಕೆಲವೊಮ್ಮೆ ಬೆಳ್ಳಿಯ ಹಾಳೆಯ ಮೇಲೆ ತಿಳಿ ಬಣ್ಣದ ಮಸಿಯಲ್ಲಿ. ಮೆಣಸಿನಕಾಯಿ ಬೀಜಕ್ಕೆ ಕನಿಷ್ಠ ಮೊಳಕೆ ಪ್ರಮಾಣ ನೂರಕ್ಕೆ 60 ಎಂದು ನಿಗದಿಯಾಗಿದೆ. ಎಂದರೆ ನೂರರಲ್ಲಿ ನಲವತ್ತು ಬೀಜ ಹುಟ್ಟದಿದ್ದರೂ ಅದು ಕಂಪನಿಯ ತಪ್ಪಲ್ಲ. ಈ ಒಂದು ಸಂಖ್ಯೆ ರೈತನಿಗೆ ಗೊತ್ತಿದ್ದರೆ ಸಸಿಮಡಿಗೆ ಎಷ್ಟು ಬೀಜ ಬೇಕೆಂಬ ಲೆಕ್ಕವೇ ಬದಲಾಗುತ್ತದೆ. ಫೋಟೊಗೆ ಮುಕ್ಕಾಲು ಪ್ಯಾಕೆಟ್ ಕೊಟ್ಟು ಆ ಸಂಖ್ಯೆಗೆ ಎರಡು ಮಿಲಿಮೀಟರ್ ಕೊಡುವುದು ಕಾನೂನಿನ ಪ್ರಕಾರ ತಪ್ಪಾಗದಿರಬಹುದು. ವಿನ್ಯಾಸದ ಪ್ರಕಾರ ಅದು ತಪ್ಪು. ಬರೆದಿದ್ದೇವಲ್ಲ ಎನ್ನುವುದು ವಕೀಲರ ಉತ್ತರ. ಓದಿಸಿದ್ದೇವೆ ಎನ್ನುವುದು ವಿನ್ಯಾಸಕನ ಉತ್ತರವಾಗಬೇಕು.

ಬೀಜದ ಜಾಡು ಹಿಡಿಯಲು ಕೇಂದ್ರ ಸರಕಾರ 2023ರಲ್ಲಿ ಸಾಥಿ ಎಂಬ ವ್ಯವಸ್ಥೆ ತಂದಿತು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಬೀಜ ಎಲ್ಲಿಂದ ಬಂತೆಂದು ತಿಳಿಯಬೇಕು. ನಕಲಿ ಬೀಜದಿಂದ ನೊಂದ ನಮ್ಮ ಭಾಗಕ್ಕೆ ಇದು ಬೇಕಾದ್ದೇ. ಆದರೆ ಕೋಡ್ ಇದೆ ಎಂಬ ನೆಪದಲ್ಲಿ ಅಚ್ಚಿನ ಅಕ್ಷರ ಇನ್ನೂ ಚಿಕ್ಕದಾಗಬಾರದು. ಮುಂಗಾರಿನ ಮೊದಲ ವಾರ ಬೀಜದ ಅಂಗಡಿಯ ಮುಂದೆ ನಿಂತ ರೈತನ ಕೈಯಲ್ಲಿ ಚೀಲ ಇರುತ್ತದೆ, ಹಿಂದೆ ಸಾಲು ಇರುತ್ತದೆ. ಆಗ ಅವನು ಓದಬಲ್ಲದ್ದು ಪ್ಯಾಕೆಟ್ಟಿನ ಮೇಲೆ ಕಣ್ಣಿಗೆ ಕಾಣುವ ಕನ್ನಡವನ್ನು ಮಾತ್ರ.

ಬೀಜದ ಪಕ್ಕದ ಕಪಾಟಿನಲ್ಲೇ ಕೀಟನಾಶಕ ಇರುತ್ತದೆ. ನಮ್ಮ ರೈತರ ಬಾಯಲ್ಲಿ ಅದು ಎಣ್ಣೆ. ಪ್ರತಿ ಡಬ್ಬಿಯ ಮೇಲೂ ತುದಿಯ ಮೇಲೆ ನಿಲ್ಲಿಸಿದ ಒಂದು ಚೌಕವಿರುತ್ತದೆ. ಮಧ್ಯಕ್ಕೆ ಗೆರೆ ಎಳೆದು ಎರಡು ತ್ರಿಕೋನ. ಮೇಲಿನದರಲ್ಲಿ ಎಚ್ಚರಿಕೆ, ಅತಿ ವಿಷವಾದರೆ ತಲೆಬುರುಡೆ, ಎರಡು ಎಲುಬು. ಕೆಳಗಿನದರಲ್ಲಿ ಬಣ್ಣ: ಕೆಂಪು ಅತ್ಯಂತ ವಿಷಕಾರಿ, ಹಳದಿ ಹೆಚ್ಚು ವಿಷಕಾರಿ, ನೀಲಿ ಮಧ್ಯಮ, ಹಸಿರು ಅಲ್ಪ. 1971ರ ಕೀಟನಾಶಕ ನಿಯಮಗಳು ಈ ಚೌಕ ಲೇಬಲಿನ ಮುಖಭಾಗದ ಹದಿನಾರನೇ ಒಂದು ಭಾಗಕ್ಕಿಂತ ಚಿಕ್ಕದಾಗಿರಬಾರದು ಎಂದು ಕಟ್ಟು ಹಾಕಿವೆ. ವಿನ್ಯಾಸಕನ ಇಷ್ಟಕ್ಕೆ ಬಿಡದೆ ಜಾಗವನ್ನು ಅಳತೆ ಹಾಕಿ ಕಾಯ್ದಿಟ್ಟದ್ದು ದೊಡ್ಡ ವಿವೇಕ. ಅಳತೆ ಇಲ್ಲದಿದ್ದರೆ ಆ ಚೌಕ ಇಷ್ಟು ವರ್ಷದಲ್ಲಿ ಸಾಸಿವೆಕಾಳಿನಷ್ಟಾಗಿರುತ್ತಿತ್ತು.

ಆದರೂ ಈ ಚೌಕದಲ್ಲಿ ಒಂದು ದೋಷವಿದೆ, ಅದನ್ನು ನಾನು ಹಲವು ಸಭೆಗಳಲ್ಲಿ ಹೇಳುತ್ತ ಬಂದಿದ್ದೇನೆ. ಹಸಿರು ಎಂದರೆ ಜನರ ಮನಸ್ಸಿನಲ್ಲಿ ಸುರಕ್ಷಿತ. ಸಿಗ್ನಲ್ಲಿನ ಹಸಿರು ಹೋಗು ಎನ್ನುತ್ತದೆ, ಬಿಸ್ಕತ್ತಿನ ಹಸಿರು ಚುಕ್ಕೆ ಸಸ್ಯಾಹಾರ ಎನ್ನುತ್ತದೆ, ಬೀಜದ ಹಸಿರು ಚೀಟಿ ಇನ್ನೊಂದು ಅರ್ಥ ಹೇಳುತ್ತದೆ. ಎಣ್ಣೆ ಡಬ್ಬಿಯ ಹಸಿರು ಮಾತ್ರ ಇದೂ ವಿಷವೇ, ಸ್ವಲ್ಪ ಕಡಿಮೆ ಎನ್ನುತ್ತದೆ. ಹಸಿರು ತ್ರಿಕೋನ ನೋಡಿ ಕೈಗವಸಿಲ್ಲದೆ, ಮುಖಕ್ಕೆ ಬಟ್ಟೆ ಕಟ್ಟದೆ ಸಿಂಪಡಿಸುವವರಿದ್ದಾರೆ. ಬಣ್ಣ ಆರಿಸಿದವರ ಉದ್ದೇಶದಲ್ಲಿ ಕಪಟವಿರಲಿಲ್ಲ. ಆದರೆ ನೋಡುವವನ ಮನಸ್ಸಿನಲ್ಲಿ ಈಗಾಗಲೇ ಏನಿದೆ ಎಂದು ಕೇಳದೆ ಮಾಡಿದ ಸರಳತೆ ಅಪಾಯಕ್ಕೂ ದಾರಿಯಾಗುತ್ತದೆ. ಇನ್ನು ಡಬ್ಬಿಗೆ ಅಂಟಿಸಿರುವ, ಹಲವು ಮಡಿಕೆಯ ಕರಪತ್ರವನ್ನು ಬಿಡಿಸಿ ನೋಡಿ. ಹಲವು ಭಾಷೆಗಳಲ್ಲಿ ಕನ್ನಡವೂ ಇರುತ್ತದೆ. ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಮಸಿಯ ಚುಕ್ಕೆಗಳಾಗಿರುತ್ತವೆ. ಎಷ್ಟು ನೀರಿಗೆ ಎಷ್ಟು ಮಿಲಿ, ಸಿಂಪಡಿಸಿದ ಎಷ್ಟು ದಿನದ ನಂತರ ಕಾಯಿ ಬಿಡಿಸಬೇಕು, ಮೈಮೇಲೆ ಚೆಲ್ಲಿದರೆ ಏನು ಮಾಡಬೇಕು ಎಂಬ ಜೀವದ ಪ್ರಶ್ನೆಗಳಿಗೆ ಉತ್ತರ ಆ ಚುಕ್ಕೆಗಳಲ್ಲಿದೆ.

ಬ್ಯಾಡಗಿಗೆ ಬರೋಣ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಬಂತು. ಅದರ ಡಬ್ಬಿ, ಕಡ್ಡಿ ಎಂಬ ಎರಡೂ ಬಗೆಗಳಿಗೆ ಹೆಸರು ತಂದದ್ದು ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಗುಣ. ಈ ಕಾಯಿಯಿಂದ ತೆಗೆದ ಓಲಿಯೊರೆಸಿನ್ ಎಂಬ ಸಾರ ಆಹಾರಕ್ಕೂ ಹೋಗುತ್ತದೆ, ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಬಣ್ಣವೇ ಬೆಲೆಯಾದ ಸರಕು ಇದು. ಬಣ್ಣದ ವಿಷಯದಲ್ಲಿ ಸುಳ್ಳು ಹೇಳಿದರೆ ಏನಾಗುತ್ತದೆ ಎಂಬುದನ್ನು ದೇಶ ಒಮ್ಮೆ ಕಂಡಿದೆ. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಪುಡಿಯಲ್ಲಿ ಸುಡಾನ್ ಎಂಬ ಕೈಗಾರಿಕಾ ಬಣ್ಣವನ್ನು ಫ್ರಾನ್ಸ್ ಪತ್ತೆಹಚ್ಚಿತು. 2005ರಲ್ಲಿ ಬ್ರಿಟನ್ ಅದೇ ಬಣ್ಣದ ಕಾರಣಕ್ಕೆ ನೂರಾರು ಆಹಾರ ಪದಾರ್ಥಗಳನ್ನು ಅಂಗಡಿಗಳಿಂದ ವಾಪಸು ತರಿಸಿತು. ಬೆರಕೆ ಮಾಡಿದವರು ಕೆಲವರು, ಅನುಮಾನದ ಕಣ್ಣು ಬಿದ್ದದ್ದು ಭಾರತದ ಮೆಣಸಿನ ಪುಡಿಯ ಮೇಲೆಲ್ಲ.

ಪೊಟ್ಟಣದ ವಿನ್ಯಾಸ ಮಾಡುವವರು ಪುಡಿಗೆ ಬಣ್ಣ ಬೆರೆಸುವುದಿಲ್ಲ. ಆದರೆ ಪುಡಿಯ ಫೋಟೊಗೆ ಬೆರೆಸುತ್ತಾರೆ. ದೊಡ್ಡದಾಗಿ ಬ್ಯಾಡಗಿ ಎಂದು ಬರೆದು, ಸುಕ್ಕುಗಟ್ಟಿದ ಕಾಯಿಯ ಚಿತ್ರ ಹಾಕಿ, ಒಳಗೆ ಬೇರೆ ತಳಿಯ ಪುಡಿ ಬೆರೆಸಿದ್ದನ್ನು ಹಿಂಬದಿಯಲ್ಲಿ ಮೆಣಸಿನಕಾಯಿ ಎಂಬ ಒಂದೇ ಮಾತಿನಲ್ಲಿ ಮುಗಿಸುವ ಪೊಟ್ಟಣಗಳು ಮಾರುಕಟ್ಟೆಯಲ್ಲಿವೆ. ಇಂಥದ್ದನ್ನು ಮಾಡಿಕೊಡಿ ಎಂದು ಗಿರಾಕಿ ಬಂದಾಗ ವಿನ್ಯಾಸಕ ಕೇಳಬೇಕಾದ ಪ್ರಶ್ನೆ ಒಂದೇ: ಒಳಗೆ ಬ್ಯಾಡಗಿ ಎಷ್ಟು ಪಾಲು? ಆ ಪಾಲನ್ನು ಹೆಸರಿನ ಪಕ್ಕದಲ್ಲೇ ಬರೆದರೆ ಪೊಟ್ಟಣ ಕೆಡುವುದಿಲ್ಲ. ನಿಜವಾಗಿ ಬ್ಯಾಡಗಿಯದ್ದನ್ನೇ ತುಂಬುವ ಸಣ್ಣ ಉದ್ಯಮಿಗೆ, ಮಹಿಳಾ ಸಂಘಕ್ಕೆ ಅದರಿಂದ ನ್ಯಾಯ ಸಿಗುತ್ತದೆ.

ಭಾಷೆಯ ಮಾತು ಇಲ್ಲಿ ಹೇಳಲೇಬೇಕು. ಆಹಾರದ ಲೇಬಲಿನ ಕಡ್ಡಾಯ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇರಬೇಕು ಎನ್ನುತ್ತವೆ ಕೇಂದ್ರದ ನಿಯಮಗಳು; ಬೇರೆ ಭಾಷೆ ಇಚ್ಛೆಗೆ ಬಿಟ್ಟದ್ದು. ಹಾಗಾಗಿ ಬ್ಯಾಡಗಿಯಲ್ಲಿ ಬೆಳೆದು, ಬ್ಯಾಡಗಿಯಲ್ಲಿ ಪುಡಿಯಾಗಿ, ಹಾವೇರಿಯ ಅಡುಗೆಮನೆ ಸೇರುವ ಪೊಟ್ಟಣದ ಮೇಲೆ ಕನ್ನಡ ಇಲ್ಲದಿದ್ದರೂ ಆ ನಿಯಮ ಪಾಲನೆಯಾದಂತೆಯೇ. ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇಲ್ಲಿ ತಯಾರಾದ ಸರಕಿನ ಮೇಲೆ ಹೆಸರು, ವಿವರ ಕನ್ನಡದಲ್ಲೂ ಇರಬೇಕು ಎನ್ನುತ್ತದೆ. ಹೆಸರನ್ನಷ್ಟೇ ಕನ್ನಡಕ್ಕೆ ತಂದು ವಿವರವನ್ನು ಇಂಗ್ಲಿಷಿನಲ್ಲೇ ಉಳಿಸುವುದು ಆ ಕಾಯ್ದೆಗೆ ಮಾಡುವ ಗೌರವವಲ್ಲ.

ಬ್ಯಾಡಗಿ ಮಾರುಕಟ್ಟೆಗೆ ಸೋಮವಾರ, ಗುರುವಾರ ಚೀಲಗಳು ಬರುತ್ತವೆ. ದಲಾಲಿ ಅಂಗಡಿಯ ಮುಂದೆ ಲಾಟ್ ಹಾಕಿ, ವರ್ತಕರು ಕೈಯಲ್ಲಿ ಹಿಡಿದು ನೋಡಿ, ಇ-ಟೆಂಡರಿನಲ್ಲಿ ದರ ಬರೆಯುತ್ತಾರೆ. ದಿನದ ಕೊನೆಗೆ ಮೂರು ದರ ಹೊರಬರುತ್ತವೆ: ಕನಿಷ್ಠ, ಗರಿಷ್ಠ, ಮಾದರಿ. ಹೆಚ್ಚು ಸರಕು ಮಾರಾಟವಾದ ದರವೇ ಮಾದರಿ ದರ. ಪತ್ರಿಕೆಯ ತಲೆಬರಹಕ್ಕೆ, ವಾಟ್ಸ್ಆ್ಯಪ್ಪಿನ ಚಿತ್ರಕ್ಕೆ ಹೋಗುವುದು ಮಾತ್ರ ಗರಿಷ್ಠ ದರ, ಅದೂ ದಪ್ಪಕ್ಷರದಲ್ಲಿ. ಯಾವನೋ ಒಬ್ಬ ರೈತನ ಒಂದೆರಡು ಚೀಲಕ್ಕೆ ಸಿಕ್ಕ ದರ ಅದು. ಅದನ್ನು ನಂಬಿ ದೂರದ ಜಿಲ್ಲೆಗಳಿಂದ ಲಾರಿ ಬಾಡಿಗೆ ಕೊಟ್ಟು ಸರಕು ತಂದವನಿಗೆ ಸಿಗುವುದು ಮಾದರಿ ದರ, ಇಲ್ಲವೇ ಅದಕ್ಕಿಂತ ಕಡಿಮೆ. 2024ರ ಮಾರ್ಚ್ 11ರಂದು, ಒಂದು ಸೋಮವಾರ, ದರ ಕುಸಿತದಿಂದ ಕೆರಳಿದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ದರ ಕುಸಿಯಲು ವಿನ್ಯಾಸ ಕಾರಣವಲ್ಲ, ಆ ದಿನದ ನೋವನ್ನು ಒಂದು ಫಲಕದ ಮೇಲೆ ಹೊರಿಸುವುದು ಅನ್ಯಾಯ. ಆದರೂ ದರ ಪ್ರಕಟಿಸುವವರಿಗೆ ನನ್ನ ಮನವಿ ಇದು: ಮಾದರಿ ದರವನ್ನು ಮೊದಲು, ದೊಡ್ಡದಾಗಿ ಬರೆಯಿರಿ. ಗರಿಷ್ಠ ದರ ಎಷ್ಟು ಚೀಲಕ್ಕೆ ಸಿಕ್ಕಿತು ಎಂಬುದನ್ನು ಅದರ ಪಕ್ಕದಲ್ಲೇ ಬರೆಯಿರಿ. ಇದಕ್ಕೆ ಹೊಸ ತಂತ್ರಜ್ಞಾನ ಬೇಡ, ಸಾಲುಗಳ ಕ್ರಮ ಬದಲಾದರೆ ಸಾಕು.

ಸರಳ ಎಂದರೆ ಖಾಲಿ ಜಾಗ, ತೆಳು ಅಕ್ಷರ, ಒಂದು ಗುಂಡಿ ಎಂಬ ತಿಳಿವಳಿಕೆ ಈಗ ಬೆಳೆದಿದೆ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಪಹಣಿಯನ್ನು ನೋಡಿ. ಗೆರೆ, ಕಾಲಂ, ಇಕ್ಕಟ್ಟು. ಅದನ್ನು ಚೆಂದ ಎಂದು ಯಾರೂ ಹೇಳಿದ್ದಿಲ್ಲ. ಆದರೆ ಹಳ್ಳಿಯ ಯಾವ ಕಟ್ಟೆಗೆ ಹೋದರೂ ಒಂಬತ್ತನೇ ಕಾಲಂನಲ್ಲಿ ಮಾಲೀಕನ ಹೆಸರು, ಹನ್ನೊಂದನೇ ಕಾಲಂನಲ್ಲಿ ಸಾಲದ ಬೋಜಾ, ಹನ್ನೆರಡನೇ ಕಾಲಂನಲ್ಲಿ ಬೆಳೆ ಎಂಬುದು ಜನರಿಗೆ ಬಾಯಿಪಾಠ. ಬ್ಯಾಂಕಿಗೆ ಹೋದವನು ಹನ್ನೊಂದನೇ ಕಾಲಂ ಖಾಲಿ ಐತ್ರೀ ಎಂದರೆ ಮುಂದಿನ ಮಾತು ಬೇಕಿಲ್ಲ. 2000ದಲ್ಲಿ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋದಾಗಲೂ ಜನಕ್ಕೆ ಪರಿಚಯವಿದ್ದ ಈ ಕಾಲಂಗಳು ಉಳಿದವು. ಯಾವ ಸಂಗತಿ ಎಲ್ಲಿದೆ ಎಂಬುದು ಬದಲಾಗದೆ ಇರುವುದು ಸರಳತೆಯ ಬಹು ದೊಡ್ಡ ಪಾಲು.

ಇದರ ಎದುರಿಗೆ ಮೊಬೈಲಿನಲ್ಲಿ ಸಾಲ ಕೊಡುವ ಆ್ಯಪ್ ಇಡಿ. ಬಿಳಿ ಪರದೆ, ಒಂದು ಮೊತ್ತ, ಒಂದು ಗುಂಡಿ. ನೋಡಲು ಎಷ್ಟು ಸರಳ! ಬಡ್ಡಿ ಎಷ್ಟು, ಸಂಸ್ಕರಣಾ ಶುಲ್ಕ ಎಷ್ಟು, ಕೈಗೆ ನಿಜವಾಗಿ ಬರುವುದೆಷ್ಟು ಎಂಬುದು ಮೂರು ಪುಟದಾಚೆ. ಒಪ್ಪಿಗೆಯ ಚೌಕದಲ್ಲಿ ಟಿಕ್ ಮೊದಲೇ ಬಿದ್ದಿರುತ್ತದೆ. ಬೇಡ ಎಂಬ ಗುಂಡಿ ಬೂದು ಬಣ್ಣದಲ್ಲಿ ಮಂಕಾಗಿರುತ್ತದೆ. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನ ಮಾರ್ಗಸೂಚಿಯಲ್ಲಿ ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರವನ್ನು ಮುಖ್ಯ ಸಂಗತಿಗಳ ಒಂದು ಹಾಳೆಯಲ್ಲಿ ಸಾಲಗಾರನಿಗೆ ಮೊದಲೇ ಕೊಡಬೇಕೆಂದು ಹೇಳಬೇಕಾಯಿತು. ಇಂಥ ಮೋಸದ ರಚನೆಗಳಿಗೆ ಹ್ಯಾರಿ ಬ್ರಿಗ್ನಲ್ ಎಂಬ ಬ್ರಿಟಿಷ್ ವಿನ್ಯಾಸಕ 2010ರಲ್ಲಿ ಡಾರ್ಕ್ ಪ್ಯಾಟರ್ನ್ ಎಂದು ಹೆಸರಿಟ್ಟರು. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಅಂಥ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿತು: ಇನ್ನು ಎರಡೇ ಉಳಿದಿವೆ ಎಂಬ ಸುಳ್ಳು ಅವಸರ, ಕೇಳದೆ ಬುಟ್ಟಿಗೆ ಸೇರಿಸುವುದು, ಬೇಡ ಎಂದವನನ್ನು ನಾಚಿಸುವುದು, ಸೇರಲು ಸುಲಭ ಮಾಡಿ ಬಿಡಲು ಕಷ್ಟ ಮಾಡುವುದು, ಬೆಲೆಯನ್ನು ಹಂತಹಂತವಾಗಿ ಏರಿಸುವುದು ಇತ್ಯಾದಿ. ಈ ಪಟ್ಟಿಯನ್ನು ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಫೋಟೊಶಾಪಿನ ಮೊದಲ ಪಾಠದ ಜೊತೆಗೇ ಹೇಳಿಕೊಡಬೇಕು. ಆ ಗುಂಡಿಗಳನ್ನು ಬರೆಯುವ ಕೈಗಳು ಇಂಥ ತರಗತಿಗಳಿಂದಲೇ ಹೋಗುತ್ತವೆ.

ಕನ್ನಡದ ಪರದೆಗೆ ಇನ್ನೊಂದು ತೊಂದರೆ ಇದೆ, ಅದು ಪೂರ್ತಿ ನಮ್ಮದೇ. ಇಂಗ್ಲಿಷ್ ಅಕ್ಷರಕ್ಕೆಂದು ಅಳತೆ ಮಾಡಿದ ಗುಂಡಿಯಲ್ಲಿ ಕನ್ನಡ ಕೂರಿಸಿದಾಗ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ. ರಾಣೆಬೆನ್ನೂರಿನ ನ ಒತ್ತು ಹೋದರೆ ಊರಿನ ಹೆಸರೇ ರಾಣೆಬೆನೂರು. ಬ್ಯಾಡಗಿಯ ಯ ಒತ್ತು ಹೋದರೆ ಬಾಡಗಿ. ಕನ್ನಡಕ್ಕೆ ಸಾಲಿನ ಅಂತರ ಹೆಚ್ಚು ಬೇಕು, ಅಕ್ಷರದ ಗಾತ್ರ ಒಂದೆರಡು ಪಾಯಿಂಟ್ ಹೆಚ್ಚು ಬೇಕು. ಯೂನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದೆ. ಆದರೂ ಹಳೆಯ ಎನ್ಕೋಡಿಂಗಿನಲ್ಲಿ ಟೈಪ್ ಮಾಡಿದ ಸುತ್ತೋಲೆಯನ್ನು ಮುದ್ರಿಸಿ, ಓರೆಯಾಗಿ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸುವ ರೂಢಿ ಹೋಗಿಲ್ಲ. ಅದನ್ನು ಹುಡುಕಲಾಗುವುದಿಲ್ಲ, ಕಣ್ಣು ಕಾಣದವರಿಗೆ ಯಂತ್ರ ಓದಿ ಹೇಳಲಾಗುವುದಿಲ್ಲ, ಮೊಬೈಲಿನಲ್ಲಿ ದೊಡ್ಡದು ಮಾಡಿದರೆ ಸಾಲು ಪರದೆಯಾಚೆ ಓಡುತ್ತದೆ. ಅಕ್ಷರ ಮತ್ತು ಹಿನ್ನೆಲೆಯ ಬೆಳಕಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕೆಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಬಿಸಿಲಿನಲ್ಲಿ ಹೊಲದ ಬದುವಿನ ಮೇಲೆ ನಿಂತು ಫೋನ್ ನೋಡುವ ನಮ್ಮ ಓದುಗನಿಗೆ ಅದಕ್ಕಿಂತ ಹೆಚ್ಚೇ ಬೇಕು.

ಫ್ಲೆಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2016ರ ಮಾರ್ಚಿನಲ್ಲೇ ರಾಜ್ಯ ಸರಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿದೆ, ಆ ಆದೇಶ ಪಾಲನೆಯಾಗಬೇಕು. ಬಟ್ಟೆಯ ಮೇಲಾದರೂ ಸರಿ, ಕಾಗದದ ಮೇಲಾದರೂ ಸರಿ, ಕಾರ್ಯಕ್ರಮ ಯಾವುದು, ಎಲ್ಲಿ, ಎಷ್ಟು ಗಂಟೆಗೆ ಎಂಬುದು ರಸ್ತೆಯಾಚೆಯಿಂದ ಕಾಣಬೇಕು.

ಹಿಂದಿನ ಸಾಲಿನಲ್ಲಿ ಕುಳಿತಿರುವ ಡಿಟಿಪಿ ಮತ್ತು ಫ್ಲೆಕ್ಸ್ ಕೆಲಸದ ಗೆಳೆಯರೇ, ಗಿರಾಕಿಯನ್ನು ಕಳೆದುಕೊಂಡು ಪ್ರಾಮಾಣಿಕರಾಗಿ ಎಂದು ಇಲ್ಲಿಂದ ಹೇಳುವುದು ಸುಲಭ, ಅಂಗಡಿ ಬಾಡಿಗೆ ಕಟ್ಟುವವರು ನೀವು. ಆದರೆ ನಿಮ್ಮ ಕೈಯಲ್ಲೇ ಇರುವ ಕೆಲಸಗಳಿವೆ. ಮುಂದಿನ ಬಾರಿ ಬೀಜದ ಪ್ಯಾಕೆಟ್, ಖಾರದಪುಡಿಯ ಪೊಟ್ಟಣ, ಸಂಘದ ಜಾಲತಾಣ ಯಾವುದೇ ಬರಲಿ, ಗಿರಾಕಿ ಕೇಳದಿದ್ದರೂ ಎರಡು ನಮೂನೆ ಮಾಡಿ. ಒಂದು ಅವರು ಹೇಳಿದಂತೆ. ಇನ್ನೊಂದರಲ್ಲಿ ಮೊಳಕೆ ಪ್ರಮಾಣ, ಅವಧಿ, ಬೆಲೆ, ಬೆರಕೆಯ ಪಾಲು ಮುಂಭಾಗದಲ್ಲಿ, ಕನ್ನಡದಲ್ಲಿ, ಮನೆಯ ಹಿರಿಯರು ಕನ್ನಡಕವಿಲ್ಲದೆ ಓದುವ ಗಾತ್ರದಲ್ಲಿ. ಎರಡನ್ನೂ ಗಿರಾಕಿಯ ಮುಂದಿಡಿ, ಎರಡನೆಯದನ್ನು ಯಾಕೆ ಮಾಡಿದಿರೆಂದು ಹೇಳಿ. ಈ ಜಿಲ್ಲೆಯ ಬೀಜ ಕಂಪನಿಗಳು, ಮಸಾಲೆ ಉದ್ಯಮಿಗಳು, ಎಪಿಎಂಸಿಯವರು ಸಭೆಯಲ್ಲಿದ್ದರೆ ಅವರಲ್ಲೂ ಕೇಳಿಕೊಳ್ಳುತ್ತೇನೆ: ಆ ಎರಡನೆಯ ನಮೂನೆಯನ್ನು ಒಂದು ಹಂಗಾಮಿಗಾದರೂ ಅಚ್ಚು ಹಾಕಿಸಿ.